ಒಗ್ಗಟ್ಟು ಮತ್ತು ಭಿನ್ನಾಭಿಪ್ರಾಯ: ಖಿಲಾಫತ್ ಕಾಲದ ಒಂದು ಪಾಠ

ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾದದ್ದು 1919ರಲ್ಲಿ. ನಮ್ಮ ಕರಾವಳಿಯ ಮುಸ್ಲಿಮರು ವಿದ್ಯೆಗಾಗಿ ಸಂಸ್ಥೆ ಕಟ್ಟಿದ ಆ ದಿನಗಳಲ್ಲೇ ದೇಶದಲ್ಲಿ ಖಿಲಾಫತ್ ಚಳವಳಿ ಆರಂಭವಾಯಿತು. ಮರುವರ್ಷವೇ ಸರ್ಕಾರಿ ಮತ್ತು ಸರ್ಕಾರದ ಅನುದಾನ ಪಡೆಯುವ ಶಾಲೆ-ಕಾಲೇಜುಗಳನ್ನು ಬಿಟ್ಟು ಹೊರಬನ್ನಿ ಎಂಬ ಕರೆ ಬಂತು. ಒಂದು ಕಡೆ ಶಾಲೆ ಕಟ್ಟುವ ಕೆಲಸ, ಇನ್ನೊಂದು ಕಡೆ ಶಾಲೆ ಬಿಡುವ ಕರೆ! ಆ ಪೀಳಿಗೆಯ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದ ನಾಲ್ಕು ಸಾಲುಗಳಲ್ಲಿ ಓದಿ ಮುಗಿಸುತ್ತಾರೆ. ಆದರೆ ಅದರಲ್ಲಿ ಒಂದು ಮುಖ್ಯ ಪ್ರಶ್ನೆ ಅಡಗಿದೆ. ಅನ್ಯಾಯವನ್ನು ವಿರೋಧಿಸಲು ಹುಟ್ಟಿದ ಚಳವಳಿಯು ತನ್ನೊಳಗಿನ ಭಿನ್ನ ದನಿಯನ್ನು ಹೇಗೆ ನಡೆಸಿಕೊಂಡಿತು?

ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೋತಿತ್ತು. ಖಲೀಫರ ಸ್ಥಾನ ಮತ್ತು ಪವಿತ್ರ ಸ್ಥಳಗಳ ಬಗ್ಗೆ ಭಾರತದ ಮುಸ್ಲಿಮರಲ್ಲಿ ಕಳವಳ ಉಂಟಾಯಿತು. ಮೌಲಾನಾ ಮುಹಮ್ಮದ್ ಅಲಿ, ಮೌಲಾನಾ ಶೌಕತ್ ಅಲಿ ಸಹೋದರರು, ಮೌಲಾನಾ ಅಬುಲ್ ಕಲಾಂ ಆಜಾದ್ ಮೊದಲಾದವರು ಮುಂದೆ ಬಂದರು. ಗಾಂಧೀಜಿ ಅವರ ಜೊತೆಗೂಡಿದರು. 1920ರ ಆಗಸ್ಟ್ 1ರಂದು ಅಸಹಕಾರ ಚಳವಳಿ ಆರಂಭವಾಯಿತು. ಅದೇ ತಿಂಗಳ 19ರಂದು ಗಾಂಧೀಜಿ ಮತ್ತು ಶೌಕತ್ ಅಲಿ ಮಂಗಳೂರಿಗೂ ಬಂದು ಮಾತನಾಡಿದರು. ಹಿಂದೂ-ಮುಸ್ಲಿಂ ಐಕ್ಯದ ಆ ದಿನಗಳು ನಿಜಕ್ಕೂ ನೆನೆಯಬೇಕಾದವು.

ಆದರೆ ಉತ್ಸಾಹ ಉಕ್ಕಿದಾಗ ಪ್ರಶ್ನೆ ಕೇಳುವವನು ದ್ರೋಹಿಯಂತೆ ಕಾಣುತ್ತಾನೆ. 1920ರ ಡಿಸೆಂಬರಿನಲ್ಲಿ ನಾಗಪುರ ಕಾಂಗ್ರೆಸ್ ಅಧಿವೇಶನಕ್ಕೆ ಸುಮಾರು 14,000 ಪ್ರತಿನಿಧಿಗಳು ಸೇರಿದ್ದರು. ಅಲ್ಲಿ ಅಸಹಕಾರ ನಿರ್ಣಯವನ್ನು ವಿರೋಧಿಸಲು ಎದ್ದ ಮುಹಮ್ಮದ್ ಅಲಿ ಜಿನ್ನಾ ಮಾತಿನ ನಡುವೆ 'ಮಿಸ್ಟರ್ ಗಾಂಧಿ' ಎಂದರು. 'ಮಹಾತ್ಮ ಎನ್ನಿ' ಎಂದು ಸಭೆ ಕೂಗಿತು. ಗದ್ದಲದಲ್ಲಿ ಅವರ ವಾದ ಮುಳುಗಿಹೋಯಿತು. ಅವರು ಕಾಂಗ್ರೆಸ್ಸನ್ನು ಬಿಟ್ಟರು. ಅವರ ವಾದ ಸರಿಯೋ ತಪ್ಪೋ ಎಂಬುದು ಬೇರೆ ವಿಷಯ. ಅದನ್ನು ಪೂರ್ತಿ ಕೇಳಿ ಉತ್ತರ ಕೊಡುವ ತಾಳ್ಮೆ ಆ ಸಭೆಗೆ ಇರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಅದೇ ವರ್ಷದ ಹಿಜರತ್ ಘಟನೆ ಇನ್ನೂ ದುಃಖದಾಯಕ. ಬ್ರಿಟಿಷರ ಆಳ್ವಿಕೆಯ ನೆಲವನ್ನು ಬಿಟ್ಟು ಅಫ್ಘಾನಿಸ್ತಾನಕ್ಕೆ ಹೋಗಬೇಕು ಎಂಬ ಕರೆ ಹಬ್ಬಿತು. ಸಿಂಧ್, ಪಂಜಾಬ್ ಮತ್ತು ವಾಯವ್ಯ ಗಡಿ ಪ್ರಾಂತದ ಹತ್ತಾರು ಸಾವಿರ ಬಡವರು ಹೊಲ, ದನಕರುಗಳನ್ನು ಸಿಕ್ಕಿದ ಬೆಲೆಗೆ ಮಾರಿ ಹೊರಟರು. ಅಲ್ಲಿ ಇಷ್ಟು ಜನರಿಗೆ ಅನ್ನ, ನೆಲ ಎಲ್ಲಿದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಆಗಸ್ಟಿನಲ್ಲಿ ಅಮೀರ್ ಅಮಾನುಲ್ಲಾ ಬರುವವರನ್ನು ತಡೆದರು. ಹಸಿವು ಮತ್ತು ರೋಗದಿಂದ ಎಷ್ಟೋ ಜನ ದಾರಿಯಲ್ಲೇ ತೀರಿಕೊಂಡರು. ಮರಳಿ ಬಂದವರು ತಮ್ಮ ಹೊಲಗಳಲ್ಲಿ ಬೇರೆಯವರನ್ನು ಕಂಡರು. ಅವರ ನಿಯ್ಯತ್ತಿನಲ್ಲಿ ದೋಷವಿರಲಿಲ್ಲ. ಆದರೆ ಎಲ್ಲರೂ ಹೋಗುತ್ತಿದ್ದಾರೆ ಎಂಬುದೇ ಅನೇಕರಿಗೆ ಸಾಕಷ್ಟು ಕಾರಣವಾಗಿಬಿಟ್ಟಿತ್ತು.

ಭಿನ್ನ ದನಿ ಇರಲಿಲ್ಲವೆಂದಲ್ಲ. ಯೌವನದಲ್ಲಿ ನಮ್ಮ ಕಾರವಾರದ ಕಡಲ ತೀರದಲ್ಲಿ ಕೆಲಕಾಲ ಇದ್ದ ರವೀಂದ್ರನಾಥ ಟಾಗೋರರು, ಯೋಚಿಸದೆ ವಿಧೇಯರಾಗುವುದು ಸ್ವರಾಜ್ಯದ ದಾರಿಯಲ್ಲ ಎಂದು 1921ರಲ್ಲಿ ಬರೆದರು. ಗಾಂಧೀಜಿ ಅವರನ್ನು ಕಾವಲುಗಾರನೆಂದು ಗೌರವಿಸಿ, ಬರಹದಲ್ಲೇ ಉತ್ತರಿಸಿದರು. ದೇವಬಂದಿನ ಶೈಖುಲ್ ಹಿಂದ್ ಮೌಲಾನಾ ಮಹ್ಮೂದ್ ಹಸನ್ (ರ.ಅ.) ಅಸಹಕಾರವನ್ನು ಬೆಂಬಲಿಸಿದರು. ಅವರ ಶಿಷ್ಯರಾದ ಮೌಲಾನಾ ಅಶ್ರಫ್ ಅಲಿ ಥಾನವಿ (ರ.ಅ.) ಚಳವಳಿಯಿಂದ ದೂರ ಉಳಿದರು. ಗುರುವಿನದು ಒಂದು ದಾರಿ, ಶಿಷ್ಯನದು ಇನ್ನೊಂದು.

1922ರ ಫೆಬ್ರವರಿಯಲ್ಲಿ ಚೌರಿಚೌರಾ ಹಿಂಸೆಯ ನಂತರ ಗಾಂಧೀಜಿ ಚಳವಳಿಯನ್ನು ನಿಲ್ಲಿಸಿದರು. ಒಳಗೆ ಅದುಮಿಟ್ಟಿದ್ದ ಭೇದಗಳೆಲ್ಲ ಆಗ ಹೊರಬಂದವು. ಶಾಸನ ಸಭೆಗಳನ್ನು ಪ್ರವೇಶಿಸಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಕಾಂಗ್ರೆಸ್ಸಿನ ವಿಚಾರಣಾ ಸಮಿತಿಯ ಆರು ಜನ ಮೂರು-ಮೂರಾಗಿ ಒಡೆದರು. ಪ್ರವೇಶಿಸಬೇಕು ಎಂದವರಲ್ಲಿ ಹಕೀಂ ಅಜ್ಮಲ್ ಖಾನ್, ಬೇಡ ಎಂದವರಲ್ಲಿ ಡಾ. ಎಂ.ಎ. ಅನ್ಸಾರಿ. ಇಬ್ಬರೂ ದೆಹಲಿಯ ವೈದ್ಯರು, ಇಬ್ಬರೂ ಖಿಲಾಫತ್ತಿನ ನಾಯಕರು. 1923ರ ಆರಂಭದಲ್ಲಿ ಸ್ವರಾಜ್ ಪಕ್ಷ ಹುಟ್ಟಿತು. 1924ರ ಮಾರ್ಚ್ 3ರಂದು ತುರ್ಕಿಯ ಸಂಸತ್ತೇ ಖಿಲಾಫತ್ ಪದವಿಯನ್ನು ರದ್ದು ಮಾಡಿತು. ತುರ್ಕರಿಗೆ ಏನು ಬೇಕಾಗಿದೆ ಎಂದು ಇಲ್ಲಿ ವಿಚಾರಿಸಿದವರು ವಿರಳ.

ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಆ ಒಂದು ಅಧಿವೇಶನಕ್ಕೆ ಮಾತ್ರ. ಶಾಸನ ಸಭೆಗಳ ಪ್ರವೇಶವನ್ನು ತಾವು ಒಪ್ಪದಿದ್ದರೂ, ಸ್ವರಾಜ್ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಅಲ್ಲಿ ಕೆಲಸ ಮಾಡುವ ಒಪ್ಪಂದಕ್ಕೆ ಅವರು ಅಂಗೀಕಾರ ಪಡೆದರು. ಅಭಿಪ್ರಾಯ ಎರಡಾಗಿಯೇ ಉಳಿಯಿತು, ಮನೆ ಮಾತ್ರ ಒಂದೇ ಆಯಿತು.

ಇನ್ನು ಶಾಲೆಗಳ ವಿಷಯ. ಬಹಿಷ್ಕಾರದ ಕರೆಯಿಂದ ಅಲೀಗಢ ಕಾಲೇಜು ಒಡೆಯಿತು. ಹೊರಬಂದವರಿಗಾಗಿ 1920ರ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾಯಿತು. ಖಿಲಾಫತ್ ಮುಗಿದಾಗ ಅದರ ಹಣವೂ ನಿಂತು, ಜಾಮಿಯಾ ಮುಚ್ಚುವ ಸ್ಥಿತಿಗೆ ಬಂತು. 1925ರಲ್ಲಿ ಅದನ್ನು ದೆಹಲಿಗೆ ತಂದು ಉಳಿಸಿದವರು ಹಕೀಂ ಅಜ್ಮಲ್ ಖಾನ್. 1927ರಲ್ಲಿ ಅವರು ತೀರಿಕೊಂಡ ಮೇಲೆ ಆ ಹೊಣೆ ಹೊತ್ತವರು ಬೇರೆ ಯಾರೂ ಅಲ್ಲ, ಸಮಿತಿಯಲ್ಲಿ ಅವರ ಎದುರು ಬಣದಲ್ಲಿದ್ದ ಅದೇ ಡಾ. ಅನ್ಸಾರಿ! ಡಾ. ಜಾಕಿರ್ ಹುಸೇನ್ ಮತ್ತು ಸಂಗಡಿಗರು ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ದುಡಿಯುವ ಪ್ರತಿಜ್ಞೆ ಮಾಡಿದರು. ಎದುರು ಮಾತನಾಡಿದವನನ್ನು ಶತ್ರುವೆಂದು ಎಣಿಸದ ಕಾರಣ ಆ ವಿದ್ಯಾಸಂಸ್ಥೆ ಉಳಿಯಿತು.

ಇದು ನಮಗೆ ಹೊಸ ಪಾಠವೇನಲ್ಲ. ಉಹುದ್ ಯುದ್ಧಕ್ಕೆ ಮುನ್ನ ಮದೀನಾದೊಳಗೇ ಇದ್ದು ಹೋರಾಡುವುದು ಪ್ರವಾದಿವರ್ಯರ (ಸ) ಇಚ್ಛೆಯಾಗಿತ್ತು. ಬಹುಜನರ ಸಲಹೆಯಂತೆ ಅವರು ಹೊರಗೆ ಹೊರಟರು. ಯುದ್ಧದಲ್ಲಿ ದೊಡ್ಡ ನಷ್ಟವಾಯಿತು. ಆ ಮೇಲೂ ಮಶ್ವರಾ ಬಿಡಬೇಡಿ ಎಂದೇ ಸೂರಾ ಆಲಿ ಇಮ್ರಾನ್ ಕಲಿಸುತ್ತದೆ. ಮಶ್ವರಾ ಎಂದರೆ ಎಲ್ಲರೂ ತಲೆದೂಗುವುದಲ್ಲ. ಒಪ್ಪದವನಿಗೂ ಮಾತನಾಡಲು ಸಮಯ ಕೊಡುವುದು.

ಪ್ರಿಯ ವಿದ್ಯಾರ್ಥಿಗಳೇ, ನಾಳೆ ನೀವೂ ಸಂಘ ಕಟ್ಟುವಿರಿ, ಅನ್ಯಾಯ ಕಂಡಲ್ಲಿ ದನಿ ಎತ್ತುವಿರಿ, ಎತ್ತಲೇಬೇಕು. ಆಗ ನಿಮ್ಮ ಸಭೆಯಲ್ಲಿ ಒಬ್ಬನೇ ಎದ್ದು 'ಇದು ಸರಿಯಲ್ಲ' ಎಂದರೆ ಅವನ ಮಾತು ಮುಗಿಯುವವರೆಗೆ ಕೂಗಬೇಡಿ. ಅವನು ತಪ್ಪಾಗಿದ್ದರೆ ಉತ್ತರ ಕೊಡಿ. ಅವನು ಸರಿಯಾಗಿದ್ದರೆ, ನಿಮ್ಮನ್ನು ನಂಬಿ ಹೊಲ-ಮನೆ ಮಾರಿ ಹೊರಟ ಎಷ್ಟೋ ಬಡವರು ಉಳಿದುಕೊಳ್ಳುತ್ತಾರೆ.