ವಿನಿಮಯದ ನಷ್ಟ ಮತ್ತು ಉಪ್ಪಿನ ತೆರಿಗೆ: ೧೮೭೩–೧೯೦೩

ವಸಾಹತು ಕಾಲದ ಭಾರತದ ಆಯವ್ಯಯ ದಾಖಲೆಗಳಲ್ಲಿ ‘ವಿನಿಮಯದ ನಷ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅತಿವೃಷ್ಟಿ ಅನಾವೃಷ್ಟಿಗಳಂತೆ ಅದೂ ಯಾರ ಕೈಯಲ್ಲಿಯೂ ಇಲ್ಲದ ವಿಪತ್ತೆಂಬ ಭಾವನೆ ಆ ಬರಹಗಳಲ್ಲಿ ಎದ್ದು ಕಾಣುತ್ತದೆ. ಬೆಳ್ಳಿಯ ಬೆಲೆ ಕುಸಿದದ್ದು ಭಾರತದ ಹೊರಗಿನ ಕಾರಣಗಳಿಂದ ಎಂಬುದು ನಿಜ. ಆದರೆ ಆ ನಷ್ಟವನ್ನು ಯಾರು ಹೊರಬೇಕೆಂಬುದನ್ನು ನಿರ್ಧರಿಸಿದ್ದು ಬೆಳ್ಳಿಯಲ್ಲ, ಕರಾರುಗಳು ಮತ್ತು ತೆರಿಗೆ ನೀತಿ.

೧೮೭೧–೭೩ರಲ್ಲಿ ಜರ್ಮನಿ ಚಿನ್ನದ ನಾಣ್ಯ ಪದ್ಧತಿಗೆ ಹೊರಳಿತು. ಫ್ರಾನ್ಸ್ ಮತ್ತು ಅದರ ನೆರೆಯ ದೇಶಗಳು ಬೆಳ್ಳಿಯ ನಾಣ್ಯಗಳ ಟಂಕಣವನ್ನು ಮಿತಿಗೊಳಿಸಿದವು. ಇದೇ ಕಾಲಕ್ಕೆ ಅಮೆರಿಕದ ಗಣಿಗಳಿಂದ ಬೆಳ್ಳಿ ಹೇರಳವಾಗಿ ಹೊರಬಂದಿತು. ಭಾರತದ ಟಂಕಸಾಲೆಗಳು ಮಾತ್ರ ಯಾರು ಬೆಳ್ಳಿ ತಂದರೂ ರೂಪಾಯಿ ಅಚ್ಚುಹಾಕಿ ಕೊಡುತ್ತಿದ್ದವು. ಹೀಗಾಗಿ ಬೆಳ್ಳಿಯೊಡನೆ ರೂಪಾಯಿಯೂ ಇಳಿಯಿತು. ಭಾರತ ಸರ್ಕಾರದ ಆದಾಯ ರೂಪಾಯಿಯಲ್ಲಿತ್ತು. ಸಾಲದ ಬಡ್ಡಿ, ನಿವೃತ್ತಿ ವೇತನ, ರೈಲ್ವೆ ಖಾತರಿ, ಸೇನಾ ವೆಚ್ಚ ಮೊದಲಾದ ‘ಹೋಂ ಚಾರ್ಜಸ್’ ಲಂಡನ್ನಿನಲ್ಲಿ ಪೌಂಡುಗಳಲ್ಲಿ ಸಲ್ಲಬೇಕಾಗಿತ್ತು.

೧೮೭೩–೭೪ರಲ್ಲಿ ಒಂದು ರೂಪಾಯಿಗೆ ಸರಾಸರಿ ೨೨.೩೫ ಪೆನ್ಸ್ ದೊರೆಯುತ್ತಿತ್ತು. ೧೮೯೨–೯೩ರ ವೇಳೆಗೆ ಅದು ೧೫ ಪೆನ್ಸಿಗೂ ತುಸು ಕೆಳಗಿಳಿದಿತ್ತು. ಆ ವರ್ಷ ಸುಮಾರು ೧ ಕೋಟಿ ೬೫ ಲಕ್ಷ ಪೌಂಡುಗಳನ್ನು ರವಾನಿಸಲು ೨೬.೪೮ ಕೋಟಿ ರೂಪಾಯಿ ಬೇಕಾಯಿತೆಂದು ಹರ್ಷೆಲ್ ಸಮಿತಿ ಲೆಕ್ಕ ಹಾಕಿತು. ಹಳೆಯ ದರದಲ್ಲಾದರೆ ೧೭.೭೫ ಕೋಟಿ ಸಾಕಾಗುತ್ತಿತ್ತು. ಒಂದೇ ವರ್ಷದ ಈ ಅಂತರ ೮.೭೩ ಕೋಟಿ.

ರೈಲ್ವೆ ಕರಾರುಗಳನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ೧೮೪೯ರಿಂದ ಆರಂಭಗೊಂಡ ಮೊದಲ ಕಂಪನಿಗಳಿಗೆ ಸರ್ಕಾರ ಸಾಮಾನ್ಯವಾಗಿ ಶೇ. ೫ರ ಬಡ್ಡಿಯ ಖಾತರಿ ನೀಡಿತ್ತು. ಅವುಗಳಲ್ಲಿ ಪ್ರಮುಖವಾದವುಗಳ ಲೆಕ್ಕದಲ್ಲಿ ರೂಪಾಯಿಗೆ ೨೨ ಪೆನ್ಸ್ ಎಂಬ ದರ ಕರಾರಿನಲ್ಲಿಯೇ ಸ್ಥಿರವಾಗಿತ್ತು. ಪೇಟೆಯ ದರ ೧೫ ಪೆನ್ಸಿಗೆ ಇಳಿದಾಗಲೂ ಕಂಪನಿಯ ಗಳಿಕೆಯನ್ನು ೨೨ರ ಲೆಕ್ಕದಲ್ಲಿ ಜಮಾ ಮಾಡಬೇಕಾಗಿದ್ದು, ಉಳಿದ ಏಳು ಪೆನ್ಸಿನ ಭಾರ ಸರ್ಕಾರದ ಮೇಲೆ ಬಿದ್ದಿತು. ಹಣ ಹೂಡಿದವನಿಗೆ ಅಪಾಯವಿಲ್ಲದ ಹೂಡಿಕೆ. ಅಪಾಯವೆಲ್ಲ ಕರಾರಿಗೆ ಸಹಿಯನ್ನೇ ಹಾಕದ ತೆರಿಗೆದಾರನ ಪಾಲಿಗೆ.

ಕೊರತೆ ತುಂಬಲು ೧೮೮೬ರಲ್ಲಿ ಆದಾಯ ತೆರಿಗೆ ಬಂದಿತು. ೧೮೮೮ರಲ್ಲಿ ಮಣ ಉಪ್ಪಿನ ಮೇಲಿನ ಸುಂಕ ಎರಡು ರೂಪಾಯಿಯಿಂದ ಎರಡೂವರೆಗೆ ಏರಿತು. ಮೈಸೂರು ಸಂಸ್ಥಾನದ ಸ್ಥಿತಿ ಇಲ್ಲಿ ಗಮನಾರ್ಹ. ಅದು ಬ್ರಿಟಿಷರಿಗೆ ಕೊಡುತ್ತಿದ್ದ ವಾರ್ಷಿಕ ಪೊಗದಿ ೨೪.೫ ಲಕ್ಷ ರೂಪಾಯಿ. ಅದು ರೂಪಾಯಿಯಲ್ಲಿಯೇ ಇದ್ದುದರಿಂದ ವಿನಿಮಯದ ಏರಿಳಿತ ಅದಕ್ಕೆ ನೇರವಾಗಿ ತಟ್ಟಲಿಲ್ಲ. ಆದರೆ ಕರಾವಳಿಯಿಂದ ಘಟ್ಟ ಹತ್ತಿ ಬರುತ್ತಿದ್ದ ಉಪ್ಪು ಸುಂಕ ತೆತ್ತೇ ಬರುತ್ತಿತ್ತು. ಲಂಡನ್ನಿನ ಬಡ್ಡಿ ಹಳ್ಳಿಯ ಒಲೆಯವರೆಗೆ ತಲುಪಿದ ದಾರಿ ಇದು. ಅದೇ ಸಂಸ್ಥಾನದ ಕೋಲಾರದಲ್ಲಿ ಚಿತ್ರ ತಿರುವುಮುರುವಾಗಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ನಿರ್ವಹಿಸುತ್ತಿದ್ದ ಗಣಿಗಳ ಚಿನ್ನ ಪೌಂಡಿಗೆ ಮಾರಾಟವಾಗುತ್ತಿತ್ತು, ಕೂಲಿ ರೂಪಾಯಿಯಲ್ಲಿ ಸಲ್ಲುತ್ತಿತ್ತು. ರೂಪಾಯಿ ಇಳಿದಷ್ಟೂ ಪಾಲುದಾರರಿಗೆ ಕೂಲಿಯ ಖರ್ಚು ಹಗುರವಾಗುತ್ತಿತ್ತು.

೧೮೯೩ರ ಜೂನ್ ೨೬ರಂದು ಟಂಕಸಾಲೆಗಳು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿದವು. ರೂಪಾಯಿಯನ್ನು ೧೬ ಪೆನ್ಸಿನಲ್ಲಿ ನಿಲ್ಲಿಸುವುದು ಗುರಿ. ಇದರ ಒಂದು ಪರಿಣಾಮವನ್ನು ಅಂದಿನ ಟೀಕಾಕಾರರು ಎತ್ತಿ ತೋರಿಸಿದ್ದರು, ಅದು ಇಂದಿಗೂ ಕಡೆಗಣಿಸುವಂಥದಲ್ಲ. ರೈತರ ಉಳಿತಾಯ ಬಹುಪಾಲು ಕಡಗ, ಕಾಲ್ಗಡಗಗಳ ರೂಪದಲ್ಲಿತ್ತು. ಮೊದಲು ರೂಪಾಯಿ ತೂಕದ ಬೆಳ್ಳಿಗೆ ಹೆಚ್ಚುಕಡಿಮೆ ಒಂದು ರೂಪಾಯಿಯೇ ಸಿಗುತ್ತಿತ್ತು. ಈಗ ನಾಣ್ಯದ ಬೆಲೆ ಉಳಿಯಿತು, ಒಡವೆಯ ಬೆಲೆ ಕುಸಿಯಿತು. ೧೮೯೯–೧೯೦೦ರ ಕ್ಷಾಮದಲ್ಲಿ ಒಡವೆ ಮಾರಿದವರಿಗೆ ಆ ವ್ಯತ್ಯಾಸದ ಅರ್ಥ ತಿಳಿಯಿತು.

ರೂಪಾಯಿ ೧೮೯೪–೯೫ರಲ್ಲಿ ೧೩ ಪೆನ್ಸಿನ ಆಸುಪಾಸಿಗೆ ಇಳಿದು, ೧೮೯೮ರ ಹೊತ್ತಿಗೆ ೧೬ ಪೆನ್ಸ್ ಮುಟ್ಟಿತು. ಫೌಲರ್ ಸಮಿತಿಯ ಶಿಫಾರಸಿನಂತೆ ೧೮೯೯ರಲ್ಲಿ ಹದಿನೈದು ರೂಪಾಯಿಗೆ ಒಂದು ಸವರನ್ ಎಂದು ಕಾನೂನಾಯಿತು. ಕೊರತೆಯ ಜಾಗದಲ್ಲಿ ಉಳಿತಾಯ ಕಾಣಿಸಿತು. ಗೋಪಾಲಕೃಷ್ಣ ಗೋಖಲೆಯವರು ೧೯೦೨ರ ತಮ್ಮ ಮೊದಲ ಬಜೆಟ್ ಭಾಷಣದಲ್ಲಿ ಹಿಡಿದದ್ದು ಇದನ್ನೇ. ಇಳಿದ ರೂಪಾಯಿಯ ಹೆಸರಿನಲ್ಲಿ ಹೇರಿದ ತೆರಿಗೆಗಳು ರೂಪಾಯಿ ಏರಿದ ಮೇಲೂ ಉಳಿದಿದ್ದವು. ಆ ಉಳಿತಾಯ ದೇಶದ ಸಮೃದ್ಧಿಯ ಗುರುತಲ್ಲ, ಹೆಚ್ಚಿನ ವಸೂಲಿಯ ಗುರುತು ಎಂಬುದು ಅವರ ವಾದದ ತಿರುಳು. ಅಂಕಿಗಳು ಅವರ ಪರವಾಗಿಯೇ ಇವೆ ಎಂದು ನನ್ನ ಅಭಿಪ್ರಾಯ. ೧೯೦೩ರಲ್ಲಿ ಆದಾಯ ತೆರಿಗೆಯ ವಿನಾಯಿತಿ ಮಿತಿ ಐನೂರರಿಂದ ಸಾವಿರ ರೂಪಾಯಿಗೆ ಏರಿತು. ಉಪ್ಪಿನ ಸುಂಕ ಎರಡು ರೂಪಾಯಿಗೆ, ಎಂದರೆ ೧೮೮೮ಕ್ಕೆ ಮೊದಲಿದ್ದ ಮಟ್ಟಕ್ಕೆ, ಹದಿನೈದು ವರ್ಷಗಳ ನಂತರ ಹಿಂದಿರುಗಿತು.