ಅತ್ತೆಯ ಕ್ರಿಕೆಟ್ಟು, ಮಾತಾಡ್ತ ಮೊಬೈಲು

ಎಂಗಳ ಅತ್ತೆಗೆ ಕ್ರಿಕೆಟ್ಟಿನ ಮರುಳು ಎಷ್ಟು ಹೇಳಿ ನಿಂಗೊಗೆಲ್ಲ ಗೊಂತಿಪ್ಪದೇ. ಅಡಕ್ಕೆ ಸುಲಿವಲೆ ಕೂದರೆ ಹತ್ತರೆ ಟ್ರಾನ್ಸಿಸ್ಟರ್ ಇರೆಕ್ಕು. 1983ರ ಜೂನ್ 25ಕ್ಕೆ ಲಾರ್ಡ್ಸಿಲ್ಲಿ ನಮ್ಮವು 183ಕ್ಕೆ ಆಲೌಟ್ ಆದಪ್ಪಗ ಮಾವ "ಇನ್ನೆಂತ ಇದ್ದು" ಹೇಳಿ ಒರಗಿದವಡ. ಅತ್ತೆ ಒರಗಿದ್ದವಿಲ್ಲೆ. ವೆಸ್ಟ್ ಇಂಡೀಸ್ 140ಕ್ಕೆ ಮುಗುದಪ್ಪಗ ಮಾವನ ಏಳುಸಿ ಶುದ್ದಿ ಹೇಳಿದ್ದು ಅವೇ. ಆ ವಿಶ್ವಕಪ್ಪಿಲ್ಲಿ ಎಲ್ಲೋರಿಂದ ಹೆಚ್ಚು, 18 ವಿಕೆಟ್, ತೆಗದ್ದು ಬೆಂಗ್ಳೂರಿನ ರೋಜರ್ ಬಿನ್ನಿ ಹೇಳಿ ಮನಗೆ ಬಂದವಕ್ಕೆಲ್ಲ ಈಗಳೂ ಹೇಳುಗು.

ಕಪಿಲ್ ದೇವಿನ 175 ರನ್ನಿನ ಕತೆಯೂ ಹಾಂಗೇ. ಜಿಂಬಾಬ್ವೆ ಎದುರು 17ಕ್ಕೆ 5 ವಿಕೆಟ್ ಹೋಗಿತ್ತು. ಆ ಆಟದ ವಿಡಿಯೋ ಎಲ್ಲಿಯೂ ಇಲ್ಲೆ. "ಅದರ ಕಣ್ಣಿಪ್ಪವುದೆ ನೋಡಿದ್ದವಿಲ್ಲೆ" ಹೇಳಿ ಅತ್ತೆಗೆ ಈಗ ರಜಾ ಸಮಾಧಾನ.

ಎಂತಕೆ ಹೇಳಿರೆ ಗ್ಲಾಕೋಮಂದಾಗಿ ಅವರ ಎರಡೂ ಕಣ್ಣು ಹೋತು. ಬೆಣಚ್ಚು ಇದ್ದೋ ಇಲ್ಲೆಯೋ, ಅಷ್ಟೇ ಗೊಂತಪ್ಪದು. ಟಿವಿಲಿ ಮಾತಾಡುವವು "ಎಂಥಾ ಶಾಟ್!" ಹೇಳಿಕ್ಕಿ ಸುಮ್ಮನೆ ಕೂರ್ತವು, ಚೆಂಡು ಎತ್ಲಾಗಿ ಹೋತು ಹೇಳಿ ಹೇಳ್ತವಿಲ್ಲೆ. ಒಂದು ದಿನ ಮನೆಲೇ ಆರೋ "ನಿಂಗೊಗೆ ಕಾಣ್ತಿಲ್ಲೆನ್ನೆ, ಮತ್ತೆಂತಕೆ ಕೂಪದು?" ಹೇಳಿದವು. (ಆರು ಹೇಳಿ ಬರೆತ್ತಿಲ್ಲೆ, ಅವುದೆ ಇದರ ಓದುಗು.) ಮತ್ತೆ ಅತ್ತೆ ಟಿವಿ ಹತ್ತರೆ ಬಯಿಂದವಿಲ್ಲೆ.

ಆದರೆ ಕತೆ ನೋಡಿ. 1927ರ ಜನವರಿಲಿ ಬಿಬಿಸಿ ಟ್ವಿಕನ್‌ಹ್ಯಾಮಿಂದ ಇಂಗ್ಲೆಂಡು-ವೇಲ್ಸ್ ರಗ್ಬಿಯ ರೇಡಿಯೋಲಿ ನೇರ ಕೇಳ್ಸಿತ್ತು. ವಿವರಣೆ ಹೇಳಿದ್ದು ಟೆಡ್ಡಿ ವೇಕ್‌ಲಮ್. ಅವರ ಎದುರು ಕಣ್ಣು ಕಾಣದ್ದ ಒಬ್ಬನ ಕೂರ್ಸಿ, ಇವಂಗೆ ಅರ್ಥ ಅಪ್ಪ ಹಾಂಗೆ ಹೇಳಿ ಹೇಳಿದವಡ. ಹಾಂಗಾರೆ ಕಮೆಂಟ್ರಿ ಸುರುವಾದ ಕಾಲಲ್ಲೇ ಅತ್ತೆಯ ಹಾಂಗಿಪ್ಪವಕ್ಕೆ ಮುಂದಾಣ ಕುರ್ಚಿ ಇತ್ತು!

ಮೊಬೈಲಿಲ್ಲಿ ಇಪ್ಪದರ ಓದಿ ಹೇಳುವ ಸ್ಕ್ರೀನ್ ರೀಡರಿನ ಮಗಳು ತೋರ್ಸಿಕೊಟ್ಟತ್ತು. ಕಂಪ್ಯೂಟರಿನ 'ಜಾಸ್' ಹೇಳ್ತದರ 1989ರಲ್ಲಿ ತಂದ ಟೆಡ್ ಹೆಂಟರ್ ಮೋಟಾರ್ ಸೈಕಲ್ ರೇಸಿನವು. 1978ರಲ್ಲಿ ಅಪಘಾತಲ್ಲಿ ಕಣ್ಣು ಹೋದ್ದು. 2006ರಲ್ಲಿ ಎನ್‌ವಿಡಿಎ ಸುರುಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರ್ರನ್ನಿಂಗುದೆ ಕಣ್ಣು ಕಾಣ್ತಿಲ್ಲೆ, ಅದು ಧರ್ಮಕ್ಕೇ ಸಿಕ್ಕುತ್ತು. ಎಂಗಳ ಮೊಬೈಲಿಲ್ಲಿ ಇಪ್ಪದು ಟಾಕ್‌ಬ್ಯಾಕ್. ಕನ್ನಡವನ್ನೂ ಓದುತ್ತು.

ಕಲಿಶುಲೆ ಹದಿನೈದು ದಿನ ಹಿಡುದತ್ತು. ಬೆರಳು ಬಲತ್ತಿಂಗೆ ಜಾರ್ಸಿರೆ ಮುಂದಾಣದ್ದರ ಓದುತ್ತು, ಎರಡು ಸರ್ತಿ ತಟ್ಟಿರೆ ಅದು ಒತ್ತಿದ ಹಾಂಗೆ. ಸುರುವಿಂಗೆ ಹಾಕಿದ ಆಪಿಲ್ಲಿ ಗುಬ್ಬಿಗೊಕ್ಕೆ ಹೆಸರೇ ಇತ್ತಿಲ್ಲೆ, "ಬಟನ್, ಬಟನ್, ಬಟನ್" ಹೇಳುದು. "ಇದೆಂತ ಅಂಗಿ ಹೊಲಿತ್ತೋ?" ಕೇಳಿದವು ಅತ್ತೆ. ಬೇರೆ ಆಪ್ ಹಾಕಿದೆ. ಅದರಲ್ಲಿ ಮತ್ತೊಂದು ಉಪದ್ರ: ಬ್ಯಾಟ್ಸ್‌ಮನ್ ಔಟೋ ಅಲ್ಲದೋ ಹೇಳುವ ಹೊತ್ತಿಂಗೇ ಎನ್ನ ತಂಗೆಯ ಗುಡ್ ಮಾರ್ನಿಂಗ್ ಮೆಸೇಜಿನ ಟಾಕ್‌ಬ್ಯಾಕ್ ಓದುಲೆ ಹೆರಡುತ್ತು! ಎರಡು ಬೆರಳಿಲಿ ಒಂದಾರಿ ತಟ್ಟಿರೆ ಬಾಯಿ ಮುಚ್ಚುತ್ತು ಹೇಳಿ ಮತ್ತೆ ಗೊಂತಾತು. ತಂಗೆಗೆ ಬೇಜಾರಪ್ಪದು ಬೇಡ.

ನೆಟ್ಟಿಲ್ಲಿ ಬಪ್ಪ ಕಮೆಂಟ್ರಿ ರಜಾ ತಡವು. ಆಚಮನೆ ಮಾಣಿ ಟಿವಿ ನೋಡಿ ಬೊಬ್ಬೆ ಹೊಡದಪ್ಪಗ ಅತ್ತೆಯ ಕೆಮಿಲಿ ಬೌಲರ್ ಇನ್ನೂ ಓಡಿಗೊಂಡಿರ್ತ. ಹಾಂಗಾಗಿ ಈಗ ಜೆಗಿಲಿ ಬಿಟ್ಟು ಒಳಾಣ ಕೋಣೆಲಿ, ಬಾಗಿಲು ಹಾಕಿ ಕೇಳುದು. ಆನು ಕಾಫಿ ತೆಕ್ಕೊಂಡು ಹೋದರೆ "ತಡೆ, ಈ ಓವರ್ ಮುಗಿಯಲಿ" ಹೇಳ್ತವು.

ಹೋದ 2025ರ ನವೆಂಬರ್ 23ಕ್ಕೆ ಕೊಲಂಬೋಲಿ ಕಣ್ಣು ಕಾಣದ್ದ ಹೆಮ್ಮಕ್ಕಳ ಸುರುವಾಣ ಟಿ20 ವಿಶ್ವಕಪ್ಪಿನ ನಮ್ಮ ಕೂಸುಗೊ ನೇಪಾಳವ ಸೋಲ್ಸಿ ಗೆದ್ದವು. ಕ್ಯಾಪ್ಟನ್ ಕರ್ನಾಟಕದ ದೀಪಿಕಾ. ಪೇಪರಿಲ್ಲಿ ಬಂದದರ ಅತ್ತೆಗೆ ಓದಿ ಹೇಳಿದೆ. ಚೆಂಡಿನ ಒಳ ಗುಂಡು ಇದ್ದು, ಗಿಲಿಗಿಲಿ ಶಬ್ದ ಆವ್ತು, ಪೂರ್ತಿ ಕಾಣದ್ದವು ಹೊಡದ ರನ್ನು ಡಬ್ಬಲ್ ಲೆಕ್ಕ ಹೇಳಿಯೂ ಹೇಳಿದೆ.

ಅತ್ತೆ ರಜಾ ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ ನೆಗೆ ಮಾಡಿಗೊಂಡು ಕೇಳಿದವು: "ಅಂಬಗ ಎನ್ನ ಒಂದು ರನ್ನಿಂಗೆ ಎರಡೋ?"