ಬೈಸಿಕಲ್ ಚೌಕಟ್ಟು ನಿರ್ಮಾಣ (ಹವ್ಯಾಸ)

ಬೈಸಿಕಲ್ ಚೌಕಟ್ಟು ನಿರ್ಮಾಣವು ಉಕ್ಕಿನ ಕೊಳವೆಗಳನ್ನು ಅಳತೆಗೆ ಕತ್ತರಿಸಿ, ಬೆಸೆದು, ಸೈಕಲ್ಲಿನ ಚೌಕಟ್ಟನ್ನು ಮನೆಯಲ್ಲಿಯೇ ಸಿದ್ಧಪಡಿಸುವ ಹವ್ಯಾಸ. ಸಾಮಾನ್ಯವಾಗಿ ವಜ್ರಾಕೃತಿಯ ಚೌಕಟ್ಟನ್ನು ಆರಿಸಿಕೊಳ್ಳಲಾಗುತ್ತದೆ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದ ರೋವರ್ ಸೈಕಲ್ಲಿನ ನಂತರ ಈ ಆಕೃತಿ ರೂಢಿಗೆ ಬಂದಿತು.

ಕೊಳವೆಗಳು

ಬೆಸುಗೆಯ ಕಾವು ಕೊಳವೆಯ ತುದಿಗಳನ್ನು ದುರ್ಬಲಗೊಳಿಸಬಲ್ಲದು. ಆದ್ದರಿಂದ ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಕೊಳವೆಗಳು ಬಳಕೆಯಲ್ಲಿವೆ, ತುದಿಯಲ್ಲಿ 0.9, ನಡುವೆ 0.6 ಮಿಲಿಮೀಟರ್ ದಪ್ಪವಿರುವುದು ಒಂದು ಸಾಮಾನ್ಯ ಅಳತೆ.

ಜೋಡಣೆ

ಮೊದಲು ಸವಾರನ ಮೈಯಳತೆಗೆ ತಕ್ಕಂತೆ ಪೂರ್ಣಗಾತ್ರದ ನಕ್ಷೆಯನ್ನು ಬರೆಯಲಾಗುತ್ತದೆ. ಬಳಿಕ ಪ್ರತಿಯೊಂದು ಕೊಳವೆಯ ತುದಿಯನ್ನು ಪಕ್ಕದ ಕೊಳವೆಯ ದುಂಡಿಗೆ ಹೊಂದುವಂತೆ ಅರದಿಂದ ಉಜ್ಜಿ, ಶುಚಿಗೊಳಿಸಿ, ಫ್ಲಕ್ಸ್ ಹಚ್ಚಿ, 'ಲಗ್' ಎಂಬ ತೋಡಿನೊಳಗೆ ಸೇರಿಸಲಾಗುತ್ತದೆ. ಜ್ವಾಲೆಯಿಂದ ಕಾಯಿಸಬೇಕಾದುದು ಲಗ್ ಮತ್ತು ಕೊಳವೆಗಳನ್ನೇ ಹೊರತು ಬೆಸುಗೆ ಕಡ್ಡಿಯನ್ನಲ್ಲ. ಆಗ ಕರಗಿದ ಲೋಹವು ಸಂದಿನೊಳಕ್ಕೆ ತಾನಾಗಿ ಹರಿಯುತ್ತದೆ. ಹಿತ್ತಾಳೆಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಬೆಳ್ಳಿ ಮಿಶ್ರಲೋಹಕ್ಕೆ ಅದಕ್ಕಿಂತ ಕಡಿಮೆ ಸಾಕು.

ಪರೀಕ್ಷೆ ಮತ್ತು ಸುರಕ್ಷತೆ

ಹೊರಗೆ ಹೊಳೆಯುವ ಬೆಸುಗೆ ಒಳಗೆ ಪೊಳ್ಳಾಗಿರಬಹುದು. ಆದಕಾರಣ ಚೂರು ಕೊಳವೆಗಳಲ್ಲಿ ಅಭ್ಯಾಸ ಮಾಡಿ, ಆ ಬೆಸುಗೆಯನ್ನು ಗರಗಸದಿಂದ ಸೀಳಿ ನೋಡುವುದು ಅಗತ್ಯ. ಮುಂಭಾಗದ ಕವಲು ಮುರಿದರೆ ಸವಾರನು ಮುನ್ಸೂಚನೆಯಿಲ್ಲದೆ ಮುಗ್ಗರಿಸುವುದರಿಂದ, ಮೊದಲ ಪ್ರಯತ್ನದಲ್ಲಿ ಸಿದ್ಧ ಕವಲನ್ನು ಬಳಸುವುದು ಕ್ಷೇಮಕರ. ಕ್ಯಾಡ್ಮಿಯಂ ಬೆರೆತ ಬೆಸುಗೆ ಕಡ್ಡಿಗಳ ಹೊಗೆ ವಿಷಕಾರಿ, ಅವುಗಳನ್ನು ವರ್ಜಿಸಬೇಕು. ಗಾಳಿಯಾಡುವ ಸ್ಥಳ ಮತ್ತು ರಕ್ಷಣಾ ಕನ್ನಡಕ ಕಡ್ಡಾಯ.

ಹಿಂಚಕ್ರದ ಎರಡು ಹಿಡಿತಗಳಿಂದ ಹ್ಯಾಂಡಲ್ ಕೊಳವೆಯನ್ನು ಸುತ್ತಿ ದಾರ ಬಿಗಿದಾಗ, ಆಸನದ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡು ಬದಿಯಲ್ಲೂ ಸಮನಾಗಿದ್ದರೆ ಚೌಕಟ್ಟು ನೇರವಾಗಿದೆಯೆಂದು ತಿಳಿಯಬಹುದು.